ವಿಂಡೋಸ್ 10 ಮುಗಿಯಿತು, ಶಾಲೆಯ ಕಂಪ್ಯೂಟರ್ ಮುಗಿದಿಲ್ಲ: ಮಕ್ಕಳಿಗೆ ಮುಂದಿನದನ್ನು ತೋರಿಸುವುದು ಹೇಗೆ?

ಲ್ಯಾಬ್ ಮೇಷ್ಟ್ರು (ಸೋಮವಾರಪೇಟೆ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಪ್ರೌಢಶಾಲೆಯ ಲ್ಯಾಬಿನಲ್ಲಿ ಹದಿನಾಲ್ಕು ಡೆಸ್ಕ್‌ಟಾಪ್‌ಗಳಿವೆ. ಹಳೆಯ ವಿದ್ಯಾರ್ಥಿಗಳು ಕೊಡಿಸಿದವು. ಎಲ್ಲವೂ ಇಂಟೆಲ್ ನಾಲ್ಕನೇ ಪೀಳಿಗೆಯ ಐ3, 4 ಜಿಬಿ ರ‍್ಯಾಮ್, ಸಾದಾ ಹಾರ್ಡ್‌ಡಿಸ್ಕ್. ವಿಂಡೋಸ್ 10 ಹಾಕಿಕೊಂಡು ಹೇಗೋ ನಡೆಸಿಕೊಂಡು ಬಂದಿದ್ದೆವು. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಬೆಂಬಲ ನಿಂತಿತು. ವಿಂಡೋಸ್ 11 ನಡೆಯುತ್ತದೆಯೇ ಎಂದು ಪರೀಕ್ಷಿಸಿದರೆ ಹದಿನಾಲ್ಕೂ ನಪಾಸು. ಹೊಸದನ್ನು ಕೊಳ್ಳುವ ದುಡ್ಡು ಸದ್ಯಕ್ಕಿಲ್ಲ.

ಇದು ಒಂದು ತಲೆಬಿಸಿ. ಎರಡನೆಯದು ಇದಕ್ಕಿಂತ ದೊಡ್ಡದು. ನಮ್ಮ ಮಕ್ಕಳಲ್ಲಿ ಬಹಳ ಜನ ತೋಟದ ಲೈನ್ ಮನೆಗಳಿಂದ ಬರುವವರು. ಮನೆಯಲ್ಲಿ ಮೊಬೈಲ್ ಇರುತ್ತದೆ, ಕಂಪ್ಯೂಟರ್ ಇರುವುದಿಲ್ಲ. ಲ್ಯಾಬಿನ ಪರದೆಯಲ್ಲಿ ಯಾವ ಗುಂಡಿ ಎಲ್ಲಿದೆ ಎಂದು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಮುಂದೆ ಮಡಿಕೇರಿಗೋ ಮೈಸೂರಿಗೋ ಕಾಲೇಜಿಗೆ ಹೋದಾಗ ಸ್ಟಾರ್ಟ್ ಗುಂಡಿ ಮೂಲೆಯಿಂದ ನಡುವಿಗೆ ಬಂದಿದ್ದರೆ ಕೈಕಟ್ಟಿ ಕುಳಿತುಬಿಡುತ್ತಾರೆ. ಬರಲಿರುವ ತಂತ್ರಾಂಶಗಳನ್ನು ಈಗಲೇ ಪರಿಚಯಿಸಿದರೆ ಈ ಭಯ ಹೋಗಬಹುದು ಎಂದು ನನಗೆ ಅನ್ನಿಸಿದೆ. ಹಳೆಯ ಯಂತ್ರದಲ್ಲಿ ಹೊಸದನ್ನು ತೋರಿಸುವುದು ಹೇಗೆ?

ವಿಂಡೋಸ್ ಬದಲು ಉಚಿತವಾಗಿ ಸಿಗುವ "ಲಿನಕ್ಸ್ ಹಾಕಿ" ಎಂದಷ್ಟೇ ಬರೆದು ಹೋಗಬೇಡಿ. ಯಾವುದು, ಹೇಗೆ, ಕೆಟ್ಟರೆ ಯಾರು ನೋಡುತ್ತಾರೆ ಎಂಬುದನ್ನೂ ಹೇಳಿ.

ಪೆಂಗ್ವಿನ್ ಪೊನ್ನಂಪೇಟೆ

ಲಿನಕ್ಸ್ ಹಾಕಿ.

ಏಲಕ್ಕಿ ಮಲೆ

ಮೇಲಿನವರು ಪ್ರಶ್ನೆಯ ಕೊನೆಯ ಸಾಲನ್ನು ಓದಿಯೇ ಬರೆದಿದ್ದಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಸ್ಕ್ರೂಡ್ರೈವರ್ (ಕುಶಾಲನಗರ)

ಮೇಷ್ಟ್ರೇ, ಮೊದಲು ಯಂತ್ರದ ಮಾತು. ನಪಾಸಾದದ್ದು ಏಕೆಂದು ತಿಳಿದುಕೊಳ್ಳಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಯಂತ್ರ ಏಳುವಾಗ (ಬೂಟ್) ನಂಬಿಕೆಯ ತಂತ್ರಾಂಶವನ್ನು ಮಾತ್ರ ಬಿಡುವ ಸೆಕ್ಯೂರ್ ಬೂಟ್ ಬೇಕು, ಇಂಟೆಲ್ ಆದರೆ ಎಂಟನೇ ಪೀಳಿಗೆ ಅಥವಾ ಅದರ ನಂತರದ್ದು ಬೇಕು. 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗ ನಿಮ್ಮಲ್ಲಿ ಇದೆ, ಬೇಕಾದ ಪೀಳಿಗೆ ಇಲ್ಲ. ರನ್ ಪೆಟ್ಟಿಗೆಯಲ್ಲಿ "ಟಿಪಿಎಂ ಡಾಟ್ ಎಂಎಸ್‌ಸಿ" ಕೊಟ್ಟರೆ ಚಿಪ್ ಇದೆಯೋ ಇಲ್ಲವೋ ತಿಳಿಯುತ್ತದೆ. ನಾಲ್ಕನೇ ಪೀಳಿಗೆಯದಕ್ಕೆ ಎಷ್ಟು ತಿಣುಕಿದರೂ ಅಧಿಕೃತ ದಾರಿ ಇಲ್ಲ.

ಅಂದಮಾತ್ರಕ್ಕೆ ಗುಜರಿಗೆ ಹಾಕಬೇಕಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಅದಕ್ಕಿಂತ ಬಹಳ ವೇಗದ, 256 ಜಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿ. ಇನ್ನೊಂದು 4 ಜಿಬಿ ಡಿಡಿಆರ್3 ರ‍್ಯಾಮ್ ಕಡ್ಡಿ ಸೇರಿಸಿ, ಸೆಕೆಂಡ್‌ಹ್ಯಾಂಡ್ ಸಿಗುತ್ತದೆ. ಯಾವ ಆಪರೇಟಿಂಗ್ ಸಿಸ್ಟಂ ಹಾಕಿದರೂ ವೇಗದ ಮುಕ್ಕಾಲು ಪಾಲು ಈ ಎರಡರಲ್ಲೇ ಇದೆ. ದುಡ್ಡು ಎರಡಕ್ಕೂ ಸಾಲದಿದ್ದರೆ ಮೊದಲು ಎಸ್‌ಎಸ್‌ಡಿ.

ಮಂಜಿನೂರು

ಎಂಟನೇ ಪೀಳಿಗೆಯ ಡೆಸ್ಕ್‌ಟಾಪ್ ಚಿಪ್‌ಗಳಿಗೆ 2017ರಲ್ಲಿ ಇಂಟೆಲ್ ಇಟ್ಟ ಸಂಕೇತನಾಮ ಕಾಫಿ ಲೇಕ್. ಕೊಡಗಿನ ಶಾಲೆಯಲ್ಲಿ ಕಾಫಿ ಇಲ್ಲವೆಂದು ನಪಾಸು ಮಾಡಿದ್ದಾರಲ್ಲ!

ಗೋಣಿಕೊಪ್ಪದ ಗಣಕ

ಇಷ್ಟೆಲ್ಲ ಏಕೆ? ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಪೆನ್‌ಡ್ರೈವ್ ಮಾಡುವಾಗ ಟಿಪಿಎಂ ತಪಾಸಣೆಯನ್ನು ತೆಗೆದುಹಾಕುವ ಆಯ್ಕೆ ಇದೆ. ಅದಕ್ಕೊಂದು ಟಿಕ್ ಹಾಕಿ, ವಿಂಡೋಸ್ 11 ಹಾಕಿ. ನಮ್ಮ ಮನೆಯ ಆರನೇ ಪೀಳಿಗೆಯ ಯಂತ್ರದಲ್ಲಿ ಚೆನ್ನಾಗಿ ಓಡುತ್ತಿದೆ.

ಸ್ಕ್ರೂಡ್ರೈವರ್ (ಕುಶಾಲನಗರ)

ಮನೆಯಲ್ಲಿ ಓಡಲಿ. ಶಾಲೆಗೆ ಬೇಡ. ಹಾಗೆ ಹಾಕಿದ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆಂಬ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಪ್ರತಿಸಲವೂ ಕೈಯಾರೆ ಹಾಕಬೇಕಾಗುತ್ತದೆ. ಹದಿನಾಲ್ಕು ಯಂತ್ರಗಳಿಗೆ ಅದನ್ನು ಮಾಡುವವರು ಯಾರು, ನೀವು ಬರುತ್ತೀರಾ? ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ಪಾಪ್‌ಕೌಂಟ್ ಎಂಬ ಆದೇಶ ಗೊತ್ತಿಲ್ಲದ ತೀರಾ ಹಳೆಯ ಚಿಪ್‌ಗಳಲ್ಲಿ ಅದು ಬೂಟ್ ಆಗುವುದನ್ನೇ ನಿಲ್ಲಿಸಿತು. ನಾಲ್ಕನೇ ಪೀಳಿಗೆಗೆ ಆ ಆದೇಶ ಗೊತ್ತಿದೆ, ನಿಜ. ನಾಳೆ ಇನ್ನಾವುದನ್ನು ಕಡ್ಡಾಯ ಮಾಡುತ್ತಾರೆಂದು ಯಾರು ಬಲ್ಲರು?

ನಾಪೋಕ್ಲು ನೋಟ

ವಿಂಡೋಸ್ 10ರಲ್ಲೇ ಮುಂದುವರಿಯುವ ದಾರಿಯನ್ನು ಯಾರೂ ಹೇಳಲಿಲ್ಲ. ದುಡ್ಡು ಕೊಟ್ಟರೆ ಭದ್ರತಾ ಅಪ್‌ಡೇಟ್ ಮುಂದುವರಿಸುವ ಯೋಜನೆಯೊಂದಿದೆ. ಶಿಕ್ಷಣ ಸಂಸ್ಥೆಗಳಿಗೆ ಅದರ ಬೆಲೆ ಒಂದು ಯಂತ್ರಕ್ಕೆ ಮೊದಲ ವರ್ಷ 1 ಡಾಲರ್, ಎರಡನೇ ವರ್ಷ 2, ಮೂರನೇ ವರ್ಷ 4. ಅಲ್ಲಿಗೆ ಮುಗಿಯಿತು. ಮೊದಲ ವರ್ಷ ಬಿಟ್ಟು ಎರಡನೇ ವರ್ಷ ಸೇರಿದರೆ ಹಿಂದಿನದನ್ನೂ ಕೊಡಬೇಕು. ಯಂತ್ರದಲ್ಲಿ ವಿಂಡೋಸ್ 10ರ ಕೊನೆಯದಾದ 22ಎಚ್2 ಆವೃತ್ತಿ ಇರಬೇಕು. ಶಾಲೆಯ ಹೆಸರಿನಲ್ಲಿ ಶಿಕ್ಷಣ ಪರವಾನಗಿ ಇದ್ದರೆ ಇದು ಅಗ್ಗವೇ.

ಗೋಣಿಕೊಪ್ಪದ ಗಣಕ

ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಸೆಟ್ಟಿಂಗ್ ಸಿಂಕ್ ಮಾಡಿದರೆ ಅದು ಪುಕ್ಕಟೆಯೇ ಸಿಗುತ್ತದೆ. ಒಂದು ಡಾಲರ್ ಕೂಡ ಬೇಡ.

ನಾಪೋಕ್ಲು ನೋಟ

ಅದು ಮನೆಬಳಕೆಯ ಯಂತ್ರಗಳಿಗೆ, ಅದೂ 2026ರ ಅಕ್ಟೋಬರ್ 13ರವರೆಗೆ ಮಾತ್ರ. ಸಂಸ್ಥೆಗಳ ಯೋಜನೆ ಬೇರೆ. ಎರಡನ್ನೂ ಕಲಸಬೇಡಿ.

ಪೆಂಗ್ವಿನ್ ಪೊನ್ನಂಪೇಟೆ

ಸರಿ, ಈಗ ವಿವರವಾಗಿ ಬರೆಯುತ್ತೇನೆ. ಮೇಷ್ಟ್ರು ಕೇಳಿದ ಮೂರು ಪ್ರಶ್ನೆಗಳಿಗೂ ಉತ್ತರ ಇದೆ.

ಯಾವುದು? ಲಿನಕ್ಸ್‌ನ ಹಲವು ರೂಪಗಳಲ್ಲೊಂದಾದ ಲಿನಕ್ಸ್ ಮಿಂಟ್ 22, ಹಗುರ ಡೆಸ್ಕ್‌ಟಾಪ್ ಇರುವ ಎಕ್ಸ್‌ಎಫ್‌ಸಿಇ ಆವೃತ್ತಿ. 2 ಜಿಬಿ ರ‍್ಯಾಮ್ ಇದ್ದರೂ ಏಳುತ್ತದೆ, 4 ಇದ್ದರೆ ನೆಮ್ಮದಿ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಬರುತ್ತದೆ. ಪರದೆಯ ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು. ಆದ್ದರಿಂದ ವಿಂಡೋಸ್ ಕಂಡ ಮಕ್ಕಳು ಕಂಗಾಲಾಗುವುದಿಲ್ಲ. ಉಬುಂಟುವಿನ ಮೂಲ ಡೆಸ್ಕ್‌ಟಾಪ್ 4 ಜಿಬಿಯಲ್ಲಿ ಉಸಿರುಗಟ್ಟುತ್ತದೆ, ಅದು ಬೇಡ.

ಹೇಗೆ? ಡಿಸ್ಕ್ ಮುಟ್ಟುವ ಮೊದಲು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಏನನ್ನೂ ಅಳಿಸದೆ ಪೂರ್ತಿ ಡೆಸ್ಕ್‌ಟಾಪ್ ತೆರೆದುಕೊಳ್ಳುತ್ತದೆ. ಧ್ವನಿ ಬರುತ್ತದೆಯೇ, ನೆಟ್‌ವರ್ಕ್ ಹಿಡಿಯುತ್ತದೆಯೇ ಎಂದು ನೋಡಿಕೊಂಡು ಆಮೇಲೆ ನಿರ್ಧರಿಸಿ. ಮಕ್ಕಳ ಕೈಯಲ್ಲೇ ಇದನ್ನು ಮಾಡಿಸಿ. ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರದ ಒಳಗೇ ಹುಟ್ಟಿದ್ದಲ್ಲ, ಬದಲಾಯಿಸಬಹುದಾದದ್ದು ಎಂಬುದು ಆ ಒಂದು ಪೀರಿಯಡ್‌ನಲ್ಲಿ ಅರ್ಥವಾಗುತ್ತದೆ. ಪಠ್ಯಪುಸ್ತಕದ ಹತ್ತು ಪುಟ ಓದಿಸಿದರೂ ಆಗುವುದಿಲ್ಲ.

ಯಾರು ನೋಡುತ್ತಾರೆ? ಒಂಬತ್ತನೇ ತರಗತಿಯವರು. ನಗಬೇಡಿ. ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಇರಿಟ್ಟಿ ಕಡೆ ಹೋಗಿ ನೋಡಿ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಅಲ್ಲಿಯ ಸರ್ಕಾರಿ ಶಾಲೆಗಳಲ್ಲಿ ನಡೆಯುವುದು ಅವರೇ ಹೊಂದಿಸಿಕೊಂಡ ಲಿನಕ್ಸ್. ಹತ್ತನೇ ತರಗತಿಗೆ ಐಟಿ ಪರೀಕ್ಷೆಯೂ ಇದೆ. ಲಿಟಲ್ ಕೈಟ್ಸ್ ಎಂಬ ವಿದ್ಯಾರ್ಥಿ ಕೂಟಗಳು ಲ್ಯಾಬಿನ ಕೆಲಸಕ್ಕೂ ಕೈಜೋಡಿಸುತ್ತವೆ. ಗಡಿಯಾಚೆಯ ಮಕ್ಕಳಿಗೆ ಆಗುವುದು ನಮ್ಮವರಿಗೇಕೆ ಆಗುವುದಿಲ್ಲ?

ಹಾರಂಗಿ ತಾಯಿ

ನಾನು ಪೋಷಕಿಯಾಗಿ ಕೇಳುತ್ತೇನೆ. ನನ್ನ ಮಗಳು ನಾಳೆ ಯಾವುದೋ ಕಚೇರಿಗೆ ಕೆಲಸಕ್ಕೆ ಹೋದರೆ ಅಲ್ಲಿ ವಿಂಡೋಸ್, ವರ್ಡ್, ಎಕ್ಸೆಲ್ ಕೇಳುತ್ತಾರೆಯೇ ಹೊರತು ನಿಮ್ಮ ಮಿಂಟು ಪೆಂಗ್ವಿನ್ ಕೇಳುವುದಿಲ್ಲ. ನಿಮ್ಮ ಹವ್ಯಾಸಕ್ಕೆ ಮಕ್ಕಳನ್ನು ಪ್ರಯೋಗಪಶು ಮಾಡುವುದು ಎಷ್ಟು ಸರಿ?

ಪೆಂಗ್ವಿನ್ ಪೊನ್ನಂಪೇಟೆ

ಮೇಡಂ, ನಿಮ್ಮ ಮಗಳು ಈಗ ಒಂಬತ್ತನೇ ತರಗತಿಯಲ್ಲಿದ್ದರೆ ಕೆಲಸಕ್ಕೆ ಸೇರುವ ಹೊತ್ತಿಗೆ ವಿಂಡೋಸ್ 10 ಇರುವುದಿಲ್ಲ, ಬಹುಶಃ 11 ಕೂಡ ಈಗಿನ ಹಾಗೆ ಇರುವುದಿಲ್ಲ. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, 7ರದ್ದು 2020ರ ಜನವರಿಯಲ್ಲಿ, 10ರದ್ದು 2025ರ ಅಕ್ಟೋಬರ್‌ನಲ್ಲಿ. ಗುಂಡಿ ಎಲ್ಲಿದೆ ಎಂಬುದನ್ನು ಕಲಿತವಳಿಗೆ ಪ್ರತಿಸಲವೂ ಹೊಸ ಪಾಠ. ಫೈಲ್ ಎಂದರೇನು, ಫೋಲ್ಡರ್ ಎಂದರೇನು, ಉಳಿಸಿದ್ದು ಎಲ್ಲಿ ಹೋಯಿತು ಎಂಬುದು ಗೊತ್ತಿರುವವಳಿಗೆ ಎಲ್ಲವೂ ಒಂದೇ.

ಹಾರಂಗಿ ತಾಯಿ

ಮಾತು ಚೆನ್ನಾಗಿದೆ. ಸಂದರ್ಶನದಲ್ಲಿ ಎಕ್ಸೆಲ್‌ನ ದೊಡ್ಡ ಪಟ್ಟಿಯನ್ನು ಗುಂಪುಗೂಡಿಸಿ ಮೊತ್ತ ಕೊಡುವ ಪಿವಟ್ ಟೇಬಲ್ ಮಾಡಿ ತೋರಿಸು ಎಂದರೆ ಈ ಮಾತು ಕೈಹಿಡಿಯುತ್ತದೆಯೇ?

ಕಂಪ್ಯೂಟರ್ ಮೇಡಂ (ವಿರಾಜಪೇಟೆ)

ಇಬ್ಬರೂ ಸ್ವಲ್ಪ ನಿಲ್ಲಿ. ಎಕ್ಸೆಲ್‌ನಂತೆಯೇ ಇರುವ ಉಚಿತ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿಯೂ ಪಿವಟ್ ಟೇಬಲ್ ಇದೆ, ಸೂತ್ರಗಳ ಹೆಸರು ಬಹುತೇಕ ಅವೇ. ಆದರೆ ಹಾರಂಗಿಯವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಪೋಷಕರು ಮುಖ್ಯೋಪಾಧ್ಯಾಯರ ಬಳಿ ಹೋಗಿ "ವಿಂಡೋಸ್ ತೆಗೆದಿದ್ದೀರಂತೆ" ಎಂದು ಕೇಳಿದ ದಿನ ಮೇಷ್ಟ್ರ ಪಕ್ಕದಲ್ಲಿ ಪೆಂಗ್ವಿನ್ ಇರುವುದಿಲ್ಲ. ನಾಲ್ಕು ಯಂತ್ರಗಳಲ್ಲಿ ವಿಂಡೋಸ್ 10 ಉಳಿಸಿ, ಅವುಗಳಿಗೆ ಆ ಡಾಲರ್ ಯೋಜನೆ ಹಿಡಿಸಿ. ಉಳಿದ ಹತ್ತರಲ್ಲಿ ಮಿಂಟ್. ಮಕ್ಕಳು ವಾರದಿಂದ ವಾರಕ್ಕೆ ಜಾಗ ಬದಲಾಯಿಸಲಿ. ಎರಡೂ ಕಂಡವರಿಗೆ ಯಾವುದರ ಭಯವೂ ಇರುವುದಿಲ್ಲ.

ಒಂದೇ ಯಂತ್ರದಲ್ಲಿ ಎರಡನ್ನೂ ಹಾಕುವುದಾದರೆ ಒಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಿಗೆ ಹೋಗಿ ಆರಿಸಿ. ಅದು ಇರುವಾಗ ಶಟ್‌ಡೌನ್ ಮಾಡಿದರೂ ಯಂತ್ರ ಪೂರ್ತಿ ಆರುವುದಿಲ್ಲ, ಅರ್ಧ ನಿದ್ದೆಯಲ್ಲಿರುತ್ತದೆ. ಲಿನಕ್ಸ್ ಕಡೆಯಿಂದ ವಿಂಡೋಸ್ ಡ್ರೈವ್ ತೆರೆದರೆ ಓದಲು ಮಾತ್ರ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಮಕ್ಕಳು "ಮೇಡಂ, ಸೇವ್ ಆಗುತ್ತಿಲ್ಲ" ಎಂದು ಸಾಲಾಗಿ ಬಂದು ನಿಲ್ಲುತ್ತಾರೆ.

ದ್ವಿತೀಯ ಪಿಯು

ನಾನು ವಿದ್ಯಾರ್ಥಿ. ಹೈಸ್ಕೂಲಿನಲ್ಲಿ ನಮಗೆ ತೋರಿಸಿದ್ದು ವಿಂಡೋಸ್ 7. ಪಿಯುಸಿಗೆ ಬಂದ ಮೇಲೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಪೈಥಾನ್. ಮನೆಯಲ್ಲಿ ಅಣ್ಣನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಹೊಸ ಪೈಥಾನ್ ಹಾಕಲು ಹೋದರೆ ಇನ್‌ಸ್ಟಾಲೇ ಆಗಲಿಲ್ಲ. ಅದರಲ್ಲಿಯೂ ವಿಂಡೋಸ್ 7 ಇತ್ತು, 3.8ರ ನಂತರದ ಪೈಥಾನ್ ಅದರ ಮೇಲೆ ಹತ್ತುವುದಿಲ್ಲವಂತೆ. ಈಗ ಮಿಂಟ್ ಹಾಕಿಕೊಂಡಿದ್ದೇನೆ, ಪೈಥಾನ್ ಅದರೊಳಗೇ ಬರುತ್ತದೆ. ದಯವಿಟ್ಟು ಮೇಷ್ಟ್ರ ಮಕ್ಕಳಿಗೆ ಈ ಆವೃತ್ತಿ ಎಂಬ ಸಂಗತಿಯನ್ನು ಮೊದಲೇ ಹೇಳಿಕೊಡಿ. ನಮಗೆ ಯಾರೂ ಹೇಳಲಿಲ್ಲ.

ಏಲಕ್ಕಿ ಮಲೆ

ಹಾರಂಗಿಯವರೇ, ಇಗೋ ನಿಮಗೆ ಉತ್ತರ. ನಾನು ಬರೆದಿದ್ದರೆ ನೀವು ನಂಬುತ್ತಿರಲಿಲ್ಲ.

ಹಾರಂಗಿ ತಾಯಿ

ಅವನು ಹೇಳಿದ್ದು ವಿಂಡೋಸ್ 7ರ ಕಥೆ. ನಾನು ಕೇಳಿದ್ದು ಅದನ್ನಲ್ಲ. ಆದರೂ ನಾಲ್ಕು, ಹತ್ತು ಎಂಬ ಲೆಕ್ಕಕ್ಕೆ ನನ್ನ ತಕರಾರಿಲ್ಲ.

ಹಳೇ ಕೀಲಿಮಣೆ

ಎಲ್ಲರೂ ಕನ್ನಡವನ್ನು ಮರೆತಿದ್ದೀರಿ. ಶಾಲೆಯ ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲವೂ ಹಳೆಯ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಇರುತ್ತವೆ. ಮಿಂಟ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಹತ್ತು ಯಂತ್ರ ಬದಲಾಯಿಸಿ ಕುಳಿತ ಮೇಲೆ ಇದು ಗೊತ್ತಾದರೆ ಗೋವಿಂದ!

ಕಂಪ್ಯೂಟರ್ ಮೇಡಂ (ವಿರಾಜಪೇಟೆ)

ಅದು ಲಿನಕ್ಸ್‌ನ ದೋಷವಲ್ಲ. ಹಳೆಯ ನುಡಿ ಮತ್ತು ಬರಹ ತಂತ್ರಾಂಶಗಳ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ್ದಾರೆ. ಆ ಫಾಂಟ್ ಇಲ್ಲದ ಯಾವ ಯಂತ್ರದಲ್ಲಿಯೂ, ವಿಂಡೋಸ್ 11ರಲ್ಲಿಯೂ, ಅದೇ ಚೆಲ್ಲಾಪಿಲ್ಲಿ. ಒಮ್ಮೆ ಕುಳಿತು ಬೇಕಾದ ಕಡತಗಳನ್ನು, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್‌ಗೆ ಪರಿವರ್ತಿಸಿಬಿಡಿ, ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಒತ್ತಕ್ಷರ ಮತ್ತು ಅಂಕಿಗಳನ್ನು ಮಾತ್ರ ಕಣ್ಣಿಟ್ಟು ತಿದ್ದಿಕೊಳ್ಳಬೇಕು.

ಟೈಪಿಂಗ್‌ಗೆ ಬಂದರೆ ಲಿನಕ್ಸ್‌ನಲ್ಲಿಯೇ ಕಗಪ ಎಂಬ ಕೀಲಿ ವಿನ್ಯಾಸ ಇದೆ. ಕೀಲಿಮಣೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಆಯ್ದು ಅದರ ಕೆಳಗೆ ಕಗಪ ಹುಡುಕಿ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ನುಡಿಯಲ್ಲಿ ಬೆರಳು ಪಳಗಿದವರಿಗೆ ಏನೂ ಹೊಸದಲ್ಲ. ಕೆ, ಓ, ಡಬ್ಲ್ಯು, ಜಿ, ಯು ಒತ್ತಿದರೆ "ಕೊಡಗು" ಬರುತ್ತದೆ. ವಿಂಡೋಸ್‌ನಲ್ಲಿ ಸುಮ್ಮನೆ ಕನ್ನಡ ಎಂದು ಸೇರಿಸಿದರೆ ಬರುವುದು ಬೇರೊಂದು ವಿನ್ಯಾಸ, ಇನ್‌ಸ್ಕ್ರಿಪ್ಟ್. ಅಲ್ಲಿ ಇದೇ ಪದಕ್ಕೆ ಕೆ, ಒಂದರ ಎಡಗಡೆಯ ಕೀಲಿ, ಚೌಕಾಕಾರದ ತೆರೆಯುವ ಆವರಣ, ಐ, ಜಿ. ಮೊದಲ ದಿನ ಮಕ್ಕಳು ಆವರಣದ ಕೀಲಿ ಒತ್ತಿದರೆ "ಡ" ಬರುವುದನ್ನು ನೋಡಿ ನಗುತ್ತಾರೆ, ಮೂರನೇ ವಾರಕ್ಕೆ ಕೀಲಿಮಣೆಯನ್ನು ನೋಡುವುದನ್ನೇ ಬಿಡುತ್ತಾರೆ. ವಿಂಡೋಸ್‌ನಲ್ಲಿ ಭಾಷೆ ಬದಲಿಸಲು ವಿಂಡೋಸ್ ಕೀಲಿಯ ಜೊತೆ ಸ್ಪೇಸ್. ಅರ್ಧಕ್ಕರ್ಧ ಜನರಿಗೆ ಇದು ಗೊತ್ತಿಲ್ಲ, ಮೌಸ್ ಹಿಡಿದು ಮೂಲೆಗೆ ಓಡುತ್ತಾರೆ.

ಹಳೇ ಕೀಲಿಮಣೆ

ಇನ್‌ಸ್ಕ್ರಿಪ್ಟ್ ಕಲಿಸಿ ಮಕ್ಕಳ ಬೆರಳು ಕೆಡಿಸಬೇಡಿ. ಕಗಪ ಒಂದೇ ಸಾಕು.

ನಾಪೋಕ್ಲು ನೋಟ

ಇನ್‌ಸ್ಕ್ರಿಪ್ಟ್ ಕಲಿತವನಿಗೆ ಹಿಂದಿ, ಮಲಯಾಳಂ, ತಮಿಳಿನಲ್ಲಿಯೂ ಅದೇ ಬೆರಳು ಅದೇ ಜಾಗಕ್ಕೆ ಹೋಗುತ್ತದೆ. ಒಂದೇ ತರಗತಿಯಲ್ಲಿ ಕೊಡವ, ಅರೆಭಾಷೆ, ಮಲಯಾಳಂ, ತಮಿಳು, ತುಳು ಮನೆಮಾತಿನ ಮಕ್ಕಳು ಕುಳಿತಿರುವ ಜಿಲ್ಲೆ ಇದು. ಬೆರಳು ಕೆಡುವುದೆಲ್ಲಿ ಬಂತು?

ಮಂಜಿನೂರು

ಕಗಪ ಮತ್ತು ಇನ್‌ಸ್ಕ್ರಿಪ್ಟ್ ಜಗಳಕ್ಕೆ ಬೇರೆ ಜಾಗ ಹುಡುಕಿಕೊಳ್ಳಿ. ಒಮ್ಮೆ ಶುರುವಾದರೆ ಮಳೆಗಾಲ ಬಂದರೂ ಮುಗಿಯುವುದಿಲ್ಲ.

ಸ್ಕ್ರೂಡ್ರೈವರ್ (ಕುಶಾಲನಗರ)

ಮಳೆಗಾಲ ಎಂದಿರಿ, ನೆನಪಾಯಿತು. ನನ್ನ ಬಳಿ ಬರುವ ಶಾಲಾ ಯಂತ್ರಗಳಲ್ಲಿ ಹೆಚ್ಚಿನವಕ್ಕೆ ವೈರಸ್ ಹಿಡಿದಿರುವುದಿಲ್ಲ, ಬೂಷ್ಟು ಹಿಡಿದಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಬಿಗೆ ಬೀಗ ಹಾಕಿ ಇಡಬೇಡಿ. ಕರೆಂಟ್ ಇದ್ದ ದಿನ ಎಲ್ಲ ಯಂತ್ರಗಳನ್ನೂ ಅರ್ಧ ಗಂಟೆಯಾದರೂ ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಪ್ಲಾಸ್ಟಿಕ್ ಹೊದಿಕೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ಹಳೆಯ ಹತ್ತಿ ಬಟ್ಟೆ ವಾಸಿ. ಆನ್ ಮಾಡಿದಾಗ ಪರದೆ ಬಾರದೆ ಬರೀ ಬೀಪ್ ಸದ್ದು ಬಂದರೆ ಹೆದರಬೇಡಿ. ಪ್ಲಗ್ ಕಿತ್ತು, ರ‍್ಯಾಮ್ ಕಡ್ಡಿಯನ್ನು ತೆಗೆದು, ಅದರ ಹೊಂಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಊದಿ, ಮತ್ತೆ ಕೂರಿಸಿ. ಎರಡೂ ಕಡೆಯ ಕೊಕ್ಕೆ ಟಕ್ ಎನ್ನಬೇಕು. ಇದಕ್ಕೆ ಕುಶಾಲನಗರದವರೆಗೆ ಹೊತ್ತು ತರುವ ಅಗತ್ಯವಿಲ್ಲ.

ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಕರೆಂಟ್ ಪ್ಲಗ್ ಮಾತ್ರ ಕಿತ್ತರೆ ಸಾಲದು. ನೆಟ್‌ವರ್ಕ್ ಕೇಬಲನ್ನೂ ಕೀಳಬೇಕು. ಮದರ್‌ಬೋರ್ಡ್ ಸುಟ್ಟು ಬಂದವುಗಳಲ್ಲಿ ಎಷ್ಟೋ ಆ ತಂತಿಯ ಮೂಲಕವೇ ಸುಟ್ಟಿರುತ್ತವೆ.

ಲ್ಯಾಬ್ ಮೇಷ್ಟ್ರು (ಸೋಮವಾರಪೇಟೆ ಕಡೆ)

ಸ್ಕ್ರೂಡ್ರೈವರ್ ಅವರೇ, ಇನ್ನೊಂದು ಕೇಳುವುದಿದೆ. ಮೂರು ಯಂತ್ರಗಳಲ್ಲಿ ಯಾವ ಜಾಲತಾಣ ತೆರೆದರೂ "ನಿಮ್ಮ ಸಂಪರ್ಕ ಖಾಸಗಿಯಲ್ಲ" ಎಂದು ಬರುತ್ತದೆ. ಪಕ್ಕದ ಯಂತ್ರದಲ್ಲಿ ಅದೇ ತಾಣ ಸರಿಯಾಗಿ ತೆರೆಯುತ್ತದೆ. ವೈರಸ್ ಇರಬಹುದೇ?

ಸ್ಕ್ರೂಡ್ರೈವರ್ (ಕುಶಾಲನಗರ)

ಪರದೆಯ ಮೂಲೆಯಲ್ಲಿ ದಿನಾಂಕ ನೋಡಿ. ಹತ್ತು ಹದಿನೈದು ವರ್ಷ ಹಿಂದೆ ಹೋಗಿರುತ್ತದೆ. ಮದರ್‌ಬೋರ್ಡ್ ಮೇಲೆ ನಾಣ್ಯದಂತಹ ಸಿಆರ್2032 ಬ್ಯಾಟರಿ ಇದೆಯಲ್ಲ, ಅದು ಸತ್ತಿದೆ. ಪ್ಲಗ್ ತೆಗೆದಾಗಲೆಲ್ಲ ಯಂತ್ರ ದಿನಾಂಕ ಮರೆಯುತ್ತದೆ. ತಾಣದ ಭದ್ರತಾ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇಲ್ಲವೆಂದು ಬ್ರೌಸರ್ ತಿಳಿಯುತ್ತದೆ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುವ ಬ್ಯಾಟರಿ, ಬೇಕಾದರೆ ಹದಿನಾಲ್ಕಕ್ಕೂ ಒಟ್ಟಿಗೆ ಹಾಕಿಬಿಡಿ.

ಲ್ಯಾಬ್ ಮೇಷ್ಟ್ರು (ಸೋಮವಾರಪೇಟೆ ಕಡೆ)

2013 ಎಂದು ತೋರಿಸುತ್ತಿದೆ! ಇದಕ್ಕಾಗಿ ಒಬ್ಬರು ಆ್ಯಂಟಿವೈರಸ್ ಮಾರಲು ಬಂದಿದ್ದರು.

ಗೋಣಿಕೊಪ್ಪದ ಗಣಕ

ಮೂಲ ಪ್ರಶ್ನೆಯ ಎರಡನೇ ಭಾಗ ಎಲ್ಲಿಯೋ ಹೋಯಿತು. ಬರಲಿರುವ ತಂತ್ರಾಂಶ ತೋರಿಸಬೇಕು ಎಂದಿದ್ದರು. ವಿಂಡೋಸ್ ಇನ್‌ಸೈಡರ್ ಯೋಜನೆಗೆ ಸೇರಿ. ಮುಂದಿನ ಆವೃತ್ತಿಯ ಪರೀಕ್ಷಾ ರೂಪಗಳು ಮೊದಲೇ ಸಿಗುತ್ತವೆ. ಕ್ಯಾನರಿ, ಡೆವ್, ಬೀಟಾ, ರಿಲೀಸ್ ಪ್ರಿವ್ಯೂ ಎಂಬ ಹಂತಗಳಿವೆ, ಮೊದಲಿನವು ಹಸಿ, ಕೊನೆಯದು ಬಹುತೇಕ ಸಿದ್ಧ. 2014ರಿಂದ ನಡೆಯುತ್ತಿದೆ.

ನಾಪೋಕ್ಲು ನೋಟ

ಯಾವ ಯಂತ್ರದಲ್ಲಿ ಸ್ವಾಮಿ? ವಿಂಡೋಸ್ 11ಕ್ಕೇ ನಪಾಸಾದವುಗಳಲ್ಲಿ ಅದರ ಮುಂದಿನದನ್ನು ಹಾಕುತ್ತೀರಾ? ಡೆವ್‌ಗೆ ಹೋದವರು ಹಿಂದಕ್ಕೆ ಬರಬೇಕಾದರೆ ಸಾಮಾನ್ಯವಾಗಿ ಎಲ್ಲ ಅಳಿಸಿ ಮೊದಲಿನಿಂದ ಹಾಕಬೇಕು. ಮೇಷ್ಟ್ರ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಬೇಕಾದರೆ ರಿಲೀಸ್ ಪ್ರಿವ್ಯೂ ಹಾಕಿ ಪ್ರೊಜೆಕ್ಟರ್‌ನಲ್ಲಿ ತೋರಿಸಲಿ, ಅದಕ್ಕಿಂತ ಆಳಕ್ಕೆ ಬೇಡ. ಎಐ ಕೆಲಸಕ್ಕೆಂದೇ ಮಾಡಿದ ಕೋಪೈಲಟ್ ಪ್ಲಸ್ ಕಂಪ್ಯೂಟರ್ ಎಂದು ಜಾಹೀರಾತು ಬರುತ್ತದಲ್ಲ, ಅದಕ್ಕೆ 16 ಜಿಬಿ ರ‍್ಯಾಮ್ ಮತ್ತು ಎನ್‌ಪಿಯು ಎಂಬ ವಿಶೇಷ ಘಟಕ ಇರುವ ಹೊಸ ಚಿಪ್ ಬೇಕು. ಆ ಆಸೆಯನ್ನು ಈಗಲೇ ಬಿಡುವುದು ಒಳ್ಳೆಯದು.

ಕಂಪ್ಯೂಟರ್ ಮೇಡಂ (ವಿರಾಜಪೇಟೆ)

ಬರಲಿರುವುದು ಎಂದರೆ ಯಾವಾಗಲೂ ಆಪರೇಟಿಂಗ್ ಸಿಸ್ಟಮ್ಮೇ ಆಗಬೇಕೆಂದಿಲ್ಲ. ನಾನು ಮಾಡುವುದನ್ನು ಹೇಳುತ್ತೇನೆ. ಲ್ಯಾಬಿನ ಒಂದು ಯಂತ್ರಕ್ಕೆ ಮಕ್ಕಳು "ಬಲಿಯ ಕುರಿ" ಎಂದು ಚೀಟಿ ಅಂಟಿಸಿದ್ದಾರೆ. ಅದರಲ್ಲಿ ಯಾವ ಮುಖ್ಯ ಕಡತವೂ ಇರುವುದಿಲ್ಲ, ಕೆಟ್ಟರೆ ಯಾರೂ ಬೈಯುವುದಿಲ್ಲ. ಫೈರ್‌ಫಾಕ್ಸ್‌ನ ನೈಟ್ಲಿ, ಅಂದರೆ ಇನ್ನೂ ಸಿದ್ಧವಾಗುತ್ತಿರುವ ಪರೀಕ್ಷಾ ರೂಪ ಅದರಲ್ಲಿದೆ. ಸಾಮಾನ್ಯ ಫೈರ್‌ಫಾಕ್ಸ್ ಪಕ್ಕದಲ್ಲೇ ಇರುತ್ತದೆ, ಒಂದರ ಸೆಟ್ಟಿಂಗ್ ಇನ್ನೊಂದಕ್ಕೆ ತಾಗುವುದಿಲ್ಲ. ಹೊಸ ಫೈರ್‌ಫಾಕ್ಸ್ ಸುಮಾರು ನಾಲ್ಕು ವಾರಕ್ಕೊಮ್ಮೆ ಬರುವುದರಿಂದ ನೈಟ್ಲಿಯಲ್ಲಿ ಕಂಡದ್ದು ಸಾಮಾನ್ಯವಾಗಿ ಎರಡು ತಿಂಗಳ ಹೊತ್ತಿಗೆ ಎಲ್ಲರಿಗೂ ಬಂದಿರುತ್ತದೆ, ಅಥವಾ ಬಾರದೆ ಮಾಯವಾಗಿರುತ್ತದೆ. ಏಕೆ ಮಾಯವಾಯಿತು ಎಂಬ ಚರ್ಚೆಯೇ ನನ್ನ ಅತ್ಯುತ್ತಮ ಪಾಠ. ಲಿಬ್ರೆಆಫೀಸ್ ಕೂಡ ಹಾಗೆಯೇ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಹೊಸ ಆವೃತ್ತಿ. 2024ರಿಂದ ಅದರ ಸಂಖ್ಯೆಯೇ ವರ್ಷ, ತಿಂಗಳು. 25.8 ಎಂದರೆ 2025ರ ಆಗಸ್ಟ್, ಮಕ್ಕಳು ಒಮ್ಮೆಗೇ ಹಿಡಿದುಬಿಡುತ್ತಾರೆ. ಅಂದಹಾಗೆ ಆ 25.8ರಿಂದ ಅದು ವಿಂಡೋಸ್ 7 ಮತ್ತು 8ರಲ್ಲಿ ನಡೆಯುವುದಿಲ್ಲ, ನಮ್ಮ ಪಿಯು ಹುಡುಗನ ಮಾತಿಗೆ ಇನ್ನೊಂದು ಸಾಕ್ಷಿ.

ಒಮ್ಮೆ ಪರೀಕ್ಷಾ ಆವೃತ್ತಿಯೊಂದರಲ್ಲಿ ಎಂಟನೇ ತರಗತಿಯ ಹುಡುಗಿ ತನ್ನ ಹೆಸರು ಬರೆದಳು. ಒತ್ತಕ್ಷರ ಅಕ್ಷರದ ಕೆಳಗೆ ಕೂರದೆ ಪಕ್ಕದಲ್ಲಿ ಚುಕ್ಕೆಚುಕ್ಕೆಯ ವೃತ್ತಕ್ಕೆ ನೇತಾಡುತ್ತಿತ್ತು. ಉಳಿದವರು ನಕ್ಕರು. ಅವಳು ನಗಲಿಲ್ಲ, "ಇದನ್ನು ಯಾರಿಗೆ ಹೇಳಬೇಕು?" ಎಂದು ಕೇಳಿದಳು. ದೋಷ ವರದಿ ಬರೆಯುವುದನ್ನು ಅಂದೇ ಕಲಿಸಿದೆ: ಏನು ಒತ್ತಿದೆ, ಏನು ಬರಬೇಕಿತ್ತು, ಏನು ಬಂತು, ಯಾವ ಆವೃತ್ತಿ, ಪರದೆಯ ಚಿತ್ರ. ವಿಂಡೋಸ್‌ನಲ್ಲಿ ಆ ಚಿತ್ರಕ್ಕೆ ವಿಂಡೋಸ್ ಕೀಲಿ, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಬೇಕು. ಕನ್ನಡದಲ್ಲಿ ಮೊದಲು ಬರೆದು ಆಮೇಲೆ ಇಂಗ್ಲಿಷಿಗೆ ತಂದೆವು. ತಂತ್ರಾಂಶ ಎಂದರೆ ಮೇಲಿನಿಂದ ಉದುರುವುದಲ್ಲ, ಯಾರೋ ಮಾಡುವುದು, ತಪ್ಪಿದ್ದರೆ ಅವರಿಗೆ ಹೇಳಬಹುದು ಎಂಬುದು ಆ ತರಗತಿಗೆ ಈಗ ಗೊತ್ತಿದೆ.

ದ್ವಿತೀಯ ಪಿಯು

ಮೇಡಂ, ನಿಮ್ಮ ಶಾಲೆಗೆ ನನ್ನನ್ನು ಮತ್ತೆ ಎಂಟನೇ ತರಗತಿಗೆ ಸೇರಿಸಿಕೊಳ್ಳುತ್ತೀರಾ?

ಪೆಂಗ್ವಿನ್ ಪೊನ್ನಂಪೇಟೆ

2026ರಲ್ಲಿ ಒಂದು ಅನುಕೂಲವಿದೆ. ಉಬುಂಟು 26.04ರ ಬಿಡುಗಡೆ 2026ರ ಏಪ್ರಿಲ್‌ನಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಆವೃತ್ತಿ, ಐದು ವರ್ಷದ ಬೆಂಬಲ. ಬೀಟಾ, ಅಂದರೆ ಪರೀಕ್ಷಾ ರೂಪ, ಅದಕ್ಕೂ ಮೊದಲೇ ಸಿಗುತ್ತದೆ. ಎಸ್‌ಎಸ್‌ಎಲ್‌ಸಿಯವರು ಪರೀಕ್ಷೆಯಲ್ಲಿರುವಾಗ ಒಂಬತ್ತನೆಯವರಿಗೆ ಬೀಟಾದ ಪೆನ್‌ಡ್ರೈವ್ ಕೊಡಿ. ಬಲಿಯ ಕುರಿಯಲ್ಲಿ ಓಡಿಸಿ, ಹಿಂದಿನ 24.04ರ ಜೊತೆ ಹೋಲಿಸಿ ಏನೇನು ಬದಲಾಗಿದೆ ಎಂದು ಹಲಗೆಯ ಮೇಲೆ ಬರೆಯಲಿ. ಜೂನ್‌ನಲ್ಲಿ ಶಾಲೆ ತೆರೆಯುವಾಗ ಹತ್ತೂ ಯಂತ್ರಗಳಿಗೆ ಅದನ್ನೇ ಹಾಕಿಬಿಡಬಹುದು.

ಸ್ಕ್ರೂಡ್ರೈವರ್ (ಕುಶಾಲನಗರ)

ಬೀಟಾ ತೋರಿಸುವವರೆಗೆ ಸರಿ. ಬಂದ ಎರಡೇ ತಿಂಗಳಿಗೆ ಹತ್ತಕ್ಕೂ ಹಾಕುವುದು ಬೇಡ. 24.04ರಲ್ಲಿ ಇದ್ದವರಿಗೆ ಉಬುಂಟುವೇ ಹೊಸದಕ್ಕೆ ಕರೆಯುವುದು ಮೊದಲ ತಿದ್ದುಪಡಿಯ ಆವೃತ್ತಿ ಆಗಸ್ಟ್‌ನಲ್ಲಿ ಬಂದ ಮೇಲೆ. ನೀವೇಕೆ ಅದಕ್ಕಿಂತ ಮುಂದೆ ಓಡುತ್ತೀರಿ? ಇದೇ ಮೇಲೆ "ಉಬುಂಟು ಮೂಲ ಡೆಸ್ಕ್‌ಟಾಪ್ ಬೇಡ, ಉಸಿರುಗಟ್ಟುತ್ತದೆ" ಎಂದವರೂ ನೀವೇ.

ಪೆಂಗ್ವಿನ್ ಪೊನ್ನಂಪೇಟೆ

ಎಕ್ಸ್‌ಎಫ್‌ಸಿಇ ಇರುವ ಜುಬುಂಟು ಹಾಕಬಹುದಲ್ಲ.

ಸ್ಕ್ರೂಡ್ರೈವರ್ (ಕುಶಾಲನಗರ)

ಅದಕ್ಕೆ ಬೆಂಬಲ ಮೂರೇ ವರ್ಷ. ಮಿಂಟ್ 22 ಕೂಡ 2029ರವರೆಗೆ ನಡೆಯುತ್ತದೆ. ಹಾಗಾದರೆ ಗಳಿಸಿದ್ದೇನು? ಕೆಲಸದ ಯಂತ್ರ ಹಳತಾಗಿರಲಿ, ಗಟ್ಟಿಯಾಗಿರಲಿ. ಹೊಸತಿನ ಚಪಲಕ್ಕೆ ಕುರಿ ಇದೆ.

ಕಾಫಿ ಕಣ

ಇಂಟರ್ನೆಟ್ ಬಗ್ಗೆ ಯಾರೂ ಮಾತನಾಡಿಲ್ಲ. ನಮ್ಮ ಕಡೆ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರ್ ಕೂಡ ಮಲಗುತ್ತದೆ. ಮೇಷ್ಟ್ರ ಮೊಬೈಲ್ ಹಾಟ್‌ಸ್ಪಾಟ್‌ಗೆ ಹದಿನಾಲ್ಕು ಯಂತ್ರ ಕಟ್ಟಿದರೆ ಅಪ್‌ಡೇಟ್‌ಗಳೇ ದಿನದ ಡೇಟಾ ನುಂಗಿಬಿಡುತ್ತವೆ. ವಿಂಡೋಸ್‌ನಲ್ಲಿ ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತಿಸಿ, ಹೆಚ್ಚಿನ ಅಪ್‌ಡೇಟ್‌ಗಳು ತಡೆದು ನಿಲ್ಲುತ್ತವೆ. ಒಳ್ಳೆಯ ಸಂಪರ್ಕ ಇರುವ ದಿನ ಅದನ್ನು ತೆಗೆದು, ಡೆಲಿವರಿ ಆಪ್ಟಿಮೈಸೇಶನ್‌ನಲ್ಲಿ ಒಳಜಾಲದ ಯಂತ್ರಗಳ ನಡುವೆ ಹಂಚಿಕೊಳ್ಳಲು ಬಿಡಿ. ಒಂದು ಇಳಿಸಿಕೊಂಡದ್ದನ್ನು ಉಳಿದವು ಅದರಿಂದಲೇ ಪಡೆಯುತ್ತವೆ.

ಏಲಕ್ಕಿ ಮಲೆ

ಹೆಸರು ಕಾಫಿ ಕಣ. ಕೊಯ್ಲಿನ ನಡುವೆ ಇಷ್ಟು ಬರೆಯುವಷ್ಟು ಬಿಡುವು ಸಿಕ್ಕಿತೇ? ಕಣದಲ್ಲಿ ಹರಡಿದ್ದನ್ನು ಮೊನ್ನೆಯ ಮೋಡಕ್ಕೆ ಒಳಗೆ ತೆಗೆದಿರೋ ಇಲ್ಲವೋ?

ಕಾಫಿ ಕಣ

ಟಾರ್ಪಾಲು ಹೊದಿಸಿ ಕಾವಲು ಕುಳಿತೇ ಬರೆದದ್ದು. ಆಳುಗಳಿಲ್ಲ, ರೊಬಸ್ಟಾ ಇನ್ನೂ ಗಿಡದಲ್ಲೇ ಇದೆ.

ಲ್ಯಾಬ್ ಮೇಷ್ಟ್ರು (ಸೋಮವಾರಪೇಟೆ ಕಡೆ)

ಎಲ್ಲವನ್ನೂ ಬರೆದುಕೊಂಡಿದ್ದೇನೆ. ನಾಲ್ಕು ವಿಂಡೋಸ್, ಒಂಬತ್ತು ಮಿಂಟ್, ಒಂದು ಕುರಿ. ಬ್ಯಾಟರಿಗಳನ್ನು ಈ ವಾರವೇ ತರುತ್ತೇನೆ. ಎಸ್‌ಎಸ್‌ಡಿಗೆ ಹಳೆಯ ವಿದ್ಯಾರ್ಥಿಗಳ ಸಂಘವನ್ನು ಕೇಳುತ್ತೇನೆ, ಯಂತ್ರಕ್ಕೊಂದರಂತೆ ಒಬ್ಬೊಬ್ಬರು ಕೊಟ್ಟರೂ ಆಯಿತು. ಒಂಬತ್ತನೇ ತರಗತಿಯಲ್ಲಿ ಆರು ಮಂದಿ ಈಗಾಗಲೇ ಪೆನ್‌ಡ್ರೈವ್ ಯಾವಾಗ ಎಂದು ಕೇಳುತ್ತಿದ್ದಾರೆ. ಹಾರಂಗಿಯವರೇ, ಪೋಷಕರ ಸಭೆಯಲ್ಲಿ ಲಿಬ್ರೆಆಫೀಸ್‌ನ ಪಿವಟ್ ಟೇಬಲನ್ನು ಮಕ್ಕಳ ಕೈಯಲ್ಲೇ ಮಾಡಿಸುತ್ತೇನೆ, ಬಂದು ನೋಡಿ.

ಹಾರಂಗಿ ತಾಯಿ

ಬರುತ್ತೇನೆ. ಪ್ರಶ್ನೆ ನಾನೇ ಕೊಡುತ್ತೇನೆ, ಮೊದಲೇ ಹೇಳಿಕೊಡಬೇಡಿ.

ನಾಪೋಕ್ಲು ನೋಟ

ಇಷ್ಟೆಲ್ಲ ಆಯಿತು, ಲ್ಯಾಬಿನ ಪ್ರಿಂಟರ್ ಯಾವುದು ಎಂದು ಯಾರೂ ಕೇಳಲಿಲ್ಲವಲ್ಲ. ಅಗ್ಗದ ಲೇಸರ್ ಪ್ರಿಂಟರ್‌ಗಳಲ್ಲಿ ಕೆಲವಕ್ಕೆ ತಯಾರಕರ ಪ್ಲಗ್‌ಇನ್ ಬೇರೆಯಾಗಿ ಹಾಕದಿದ್ದರೆ ಲಿನಕ್ಸ್‌ನಲ್ಲಿ ಒಂದು ಹಾಳೆಯೂ ಹೊರಬರುವುದಿಲ್ಲ.

ಸ್ಕ್ರೂಡ್ರೈವರ್ (ಕುಶಾಲನಗರ)

ಮೇಷ್ಟ್ರೇ, ಪ್ರಿಂಟರ್ ಹಿಂಭಾಗದ ಚೀಟಿಯ ಫೋಟೋ ಕಳುಹಿಸಿ. ಶನಿವಾರ ಆ ಕಡೆ ಬರುವುದಿದೆ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಒಂದು ಪುಟ ಮುದ್ರಿಸಿ ನೋಡೋಣ. ಬಾರದಿದ್ದರೆ ಅದನ್ನು ನಾಲ್ಕು ವಿಂಡೋಸ್ ಯಂತ್ರಗಳಲ್ಲಿ ಒಂದಕ್ಕೆ ಕಟ್ಟಿದರಾಯಿತು.